ಕೆಂಪು ಹಲಗೆ

ಗ್ಲಾಸ್ಗೋದಲ್ಲಿ ನಾಲ್ಕು ಸಲ ಡ್ರೈವಿಂಗ್ ಪರೀಕ್ಷೆಗೆ ಕೂತವಳು ನಾನು.
ನಾಲ್ಕನೆಯ ಸಲ ಪರೀಕ್ಷಕ ಸೀಟ್ ಬೆಲ್ಟ್ ಬಿಚ್ಚುತ್ತಾ
"ಈ ಊರಲ್ಲಿ ಬಸ್ಸು ಚೆನ್ನಾಗಿದೆ" ಎಂದ.
ಸ್ತಮಾತಿಯಾ ಒಂದು ಸಲವೂ ಕೂತವಳಲ್ಲ.
ಗ್ರೀಸಿನ ಅವಳ ದ್ವೀಪದಲ್ಲಿ ಇದ್ದದ್ದು ಒಂದೇ ಬಸ್ಸಂತೆ,
ಓಡಿಸುತ್ತಿದ್ದವನು ಸೋದರಮಾವ,
ಅವನ ಊಟ ಮುಗಿದರೆ ಹೊರಡುತ್ತಿತ್ತು.

ಆಸ್ಪತ್ರೆಯ ಲಾಂಡ್ರಿಯಲ್ಲಿ ಹನ್ನೊಂದು ವರ್ಷ
ಒಂದೇ ಹೊದಿಕೆಯ ಎರಡು ತುದಿ ಹಿಡಿದು ಮಡಚಿದವರು.
ಇಬ್ಬರಿಗೂ ಒಂದೇ ವಾರ ರಜೆ ಸಿಕ್ಕಿದ್ದು ಇದೇ ಮೊದಲು.

ಓಬನ್ ತನಕ ರೈಲು. ಅಲ್ಲಿಂದ ಹಡಗು:
ಕಾರುಗಳು ಅದರ ಹೊಟ್ಟೆಗೆ, ನಾವು ಮೆಟ್ಟಿಲು ಹತ್ತಿ ಬೆನ್ನಿಗೆ.
ಮಲ್ ದ್ವೀಪ ಎದುರಿಗೆ ಬಂತು
ತಲೆ ತೊಳೆದು ಟವೆಲ್ಲು ಸುತ್ತಿಕೊಂಡ ಹೆಂಗಸಿನ ಹಾಗೆ.
ಕಾರಿನವರು ಭರ್ರೆಂದು ಹೋದರು.
ಉಳಿದದ್ದು ಒಂಬತ್ತು ಜನ, ಒಂದು ನಾಯಿ, ಒಂದು ಬಸ್ಸು.

ವೇಳಾಪಟ್ಟಿಯ ತುಂಬಾ ನಕ್ಷತ್ರ.
ಒಂದು ನಕ್ಷತ್ರ: ಶಾಲೆ ಇರುವ ದಿನ ಮಾತ್ರ.
ಎರಡು: ಶಾಲೆ ಇಲ್ಲದ ದಿನ ಮಾತ್ರ.
ಮೂರು: ಹಿಂದಿನ ದಿನವೇ ಫೋನು ಮಾಡಿದವರಿಗೆ ಮಾತ್ರ.
ಪಂಚಾಂಗದ ಹಾಗೆ ನಾನು ಓದಿದೆ,
ಸ್ತಮಾತಿಯಾ ಬೆರಳು ಮಡಚಿದಳು.
ಸೇಲನ್‌ನಲ್ಲಿ ಇಳಿದ ಮೇಲೆ ತಿಳಿಯಿತು
ನಮ್ಮದು ಮೂರು ನಕ್ಷತ್ರದ ದಾರಿ.

ನಡೆದೆವು. ಒಂದೇ ಗಾಡಿ ಹಿಡಿಸುವ ರಸ್ತೆ,
ಅಲ್ಲಲ್ಲಿ ಉಬ್ಬಿಕೊಂಡು, ಎದುರಿನವರಿಗಾಗಿ ಕಾಯಲು ಜಾಗ.
ಕಾದವರು ಕೈ ಎತ್ತುತ್ತಾರೆ, ದಾಟಿದವರೂ ಎತ್ತುತ್ತಾರೆ.
ನಾವೂ ಎತ್ತಿದೆವು. ಕುರಿಗಳು ಮಾತ್ರ
ಯಾರಿಗೂ ಜಾಗ ಬಿಡಲಿಲ್ಲ.
ಎರಡನೆಯ ಮೈಲಿಗೆ ನನ್ನ ಎಡಗಾಲಿನ ಬೂಟು ಬಾಯಿ ಬಿಟ್ಟಿತು.

ಆಗ ಹಿಂದಿನಿಂದ ಮಿನಿ ಬಸ್ಸು.
ಒಳಗೆ ಎರಡು ಗ್ಯಾಸ್ ಸಿಲಿಂಡರು, ಒಂದು ಕೇಕಿನ ಡಬ್ಬಿ,
ಇಶ್ಬೆಲ್ ಎಂಬ ಡ್ರೈವರು.
"ಫೋನು ಮಾಡಿರಲಿಲ್ಲ" ಎಂದೆ, ಕದ್ದವಳಂತೆ.
"ಕಣ್ಣಿಗೆ ಬಿದ್ದಿರಲ್ಲ, ಸಾಕು. ಕೇಕು ತೊಡೆಯ ಮೇಲಿಟ್ಟುಕೊಳ್ಳಿ."

ದಾರಿ ನೀರಿನಲ್ಲಿ ಮುಗಿಯಿತು.
ಆಚೆ ಉಲ್ವಾ, ಇನ್ನೂ ಸಣ್ಣ ದ್ವೀಪ, ಕೂಗಿದರೆ ಕೇಳುವಷ್ಟು ದೂರ.
ಆದರೆ ಇಲ್ಲಿ ಯಾರೂ ಕೂಗುವುದಿಲ್ಲ.
ಗೋಡೆಯ ಮೇಲೆ ಜಾರುವ ಹಲಗೆ, ಸರಿಸಿದರೆ ಅಡಿಯಲ್ಲಿ ಕೆಂಪು.
ಕೆಂಪು ಕಂಡರೆ ಆಚೆಯಿಂದ ದೋಣಿ ಬರುತ್ತದೆ.

ನಮ್ಮವ್ವ ಕೃಷ್ಣೆಯ ದಂಡೆಯಲ್ಲಿ
ಎರಡೂ ಕೈ ಬಾಯಿಗೆ ಹಿಡಿದು ಕೂಗುತ್ತಿದ್ದಳು:
"ಅಂಬಿಗಣ್ಣಾ, ಹರಗೋಲ ತಾರೋ, ಹೊತ್ತಾತೋ!"
ಬೀಡಿ ಮುಗಿಯುವ ತನಕ ಅವನು ಕಿವುಡ.
ಅವಳು ಬೈಗುಳಕ್ಕೆ ಇಳಿದ ಮೇಲೆಯೇ ಎದ್ದು
"ಬಂದ್ನಿ ಬೇ ಯಕ್ಕಾ!"
ಆಲಮಟ್ಟಿ ತುಂಬಿದ ಮೇಲೆ
ಆ ದಂಡೆಯೂ ನೀರೊಳಗೆ.

ಹಲಗೆ ಸರಿಸುವಾಗ ನನಗೆ ಯಾಕೋ ನಾಚಿಕೆ,
ಇಷ್ಟು ಸದ್ದಿಲ್ಲದೆ ಒಬ್ಬರನ್ನು ಕರೆಯುವುದೇ ಎಂದು.
ಸ್ತಮಾತಿಯಾಗಂತೂ ನಂಬಿಕೆಯೇ ಇಲ್ಲ,
ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದಳು.
ದೋಣಿ ಬಂತು. ಕೆಂಪಿಗೋ, ಸಿಳ್ಳೆಗೋ.
ರೂರಿ ಎಂಬ ಹುಡುಗ, ಹಲ್ಲಿನ ನಡುವೆ ಹಗ್ಗ.
"ಕಾರೆಲ್ಲಿ ಬಿಟ್ಟಿರಿ?" ಎಂದ.
"ನಾಲ್ಕು ಸಲ ತೋರಿಸಿಕೊಂಡೆ,
ಅದಕ್ಕೆ ನಾನು ಒಪ್ಪಿಗೆಯಾಗಲಿಲ್ಲ" ಎಂದೆ.

ಎರಡು ನಿಮಿಷದ ನೀರು.
ಅದನ್ನು ಮುಟ್ಟಲು ಮಧ್ಯಾಹ್ನ ಮೂರಾಗಿತ್ತು.
ನೋಡಿದ್ದು ಹೆಚ್ಚೇನಿಲ್ಲ. ಮಾಡಿಲ್ಲದ ಮನೆಗಳ ನಾಲ್ಕು ಗೋಡೆ,
ಒಲೆಯಿದ್ದ ಕಡೆ ತುರಿಕೆ ಗಿಡ.
ಕಲ್ಲಿನ ಮೇಲೆ ಕೂತು ರೊಟ್ಟಿಗೆ ಆಲಿವ್ ಹಚ್ಚಿ ತಿಂದೆವು.
ಬೀಜ ಉಗುಳುತ್ತಾ ಸ್ತಮಾತಿಯಾ ಹೇಳಿದಳು,
"ಮಾವ ಹೋದ ಮೇಲೆ ನಮ್ಮಲ್ಲಿ ಬಸ್ಸಿಲ್ಲ."

ಐದಕ್ಕೆ ಕೊನೆಯ ದೋಣಿ.
ಈ ದಡದಲ್ಲಿ ಕೆಂಪು ಹಾಗೇ ತೆರೆದಿತ್ತು;
ಮುಚ್ಚಲು ಮರೆತವಳು ನಾನೇ.
"ಎರಡು ಸಲ ಬಂದು ನೋಡಿ ಹೋದೆ" ಎಂದ ರೂರಿ,
"ಯಾರೂ ಇರಲಿಲ್ಲ. ಗಾಳಿ ಚೆನ್ನಾಗಿತ್ತು."

ಹಲಗೆ ಬಿಗಿದುಕೊಂಡಿತ್ತು, ಎರಡೂ ಕೈ ಹಚ್ಚಿದೆ.
ಮೇಲೆ ರಸ್ತೆಯಲ್ಲಿ ಇಶ್ಬೆಲ್ ಹಾರ್ನು ಹೊಡೆದಳು,
ಮತ್ತೆ ಹೊಡೆದಳು.
"ಬಂದ್ನಿ ಬೇ ಯಕ್ಕಾ!" ಎಂದು ಕೂಗಿದೆ.